ಬೆಲ್ಲದ ಡಬ್ಬಿಯಲ್ಲಿ ಕಾರಿನ ಕೀಲಿ

ಇಪ್ಪತ್ತನಾಲ್ಕು ವರ್ಷ ನೌಕಾಪಡೆಯಲ್ಲಿದ್ದೆ ಎಂದರೆ ಸಾಕು, ಕೇಳಿದವರ ಕಣ್ಣ ಮುಂದೆ ಬಿರುಗಾಳಿ, ಫಿರಂಗಿ, ಎದೆಯುಬ್ಬಿಸಿ ನಿಂತ ನಾವಿಕ ಎಲ್ಲ ಬಂದು ನಿಲ್ಲುತ್ತವೆ. ನಾನು ಅದನ್ನು ತಿದ್ದಲು ಹೋಗುವುದಿಲ್ಲ. ನಿಜ ಹೇಳಬೇಕೆಂದರೆ ಮೊದಲ ಕೆಲವು ವರ್ಷ ಬಿಟ್ಟರೆ ನನ್ನ ಸೇವೆಯೆಲ್ಲ ವಿಶಾಖಪಟ್ಟಣದ ಉಗ್ರಾಣಗಳಲ್ಲೇ ಕಳೆಯಿತು. ನಾನು ಕಾದದ್ದು ದೇಶದ ಗಡಿಯನ್ನಲ್ಲ, ಕೀಲಿಗಳನ್ನು. ಗೋಡೆಯ ಮೇಲೊಂದು ಹಲಗೆ, ಅದರ ತುಂಬ ನಂಬರು ಬರೆದ ಕೊಕ್ಕೆಗಳು, ಕೊಕ್ಕೆಗೊಂದು ಕೀಲಿ. ಯಾರಿಗೆ ಕೀಲಿ ಬೇಕಾದರೂ ರಿಜಿಸ್ಟರಿನಲ್ಲಿ ಹೆಸರು, ಹೊತ್ತು, ಕಾರಣ ಬರೆದು ಸಹಿ ಹಾಕಬೇಕು. ಜೋಡಿ ಕೀಲಿಯನ್ನು ಲಕೋಟೆಯಲ್ಲಿಟ್ಟು, ಅರಗಿನ ಮುದ್ರೆ ಒತ್ತಿ, ಬೇರೆ ಕಟ್ಟಡದಲ್ಲಿ ಬೇರೊಬ್ಬ ಅಧಿಕಾರಿಯ ಸುಪರ್ದಿಗೆ ಕೊಡಬೇಕು. ಒಂದೇ ಬೆಂಕಿ ಎರಡೂ ಕೀಲಿಗಳನ್ನು ನುಂಗಬಾರದು ಎಂಬುದು ಅದರ ಹಿಂದಿನ ಲೆಕ್ಕಾಚಾರ. ಅಷ್ಟು ವರ್ಷದಲ್ಲಿ ನನ್ನ ಹಲಗೆಯಿಂದ ಒಂದೇ ಒಂದು ಕೀಲಿ ಕಳೆಯಲಿಲ್ಲ. ನಿವೃತ್ತಿಯ ದಿನ ನನ್ನ ಬಗ್ಗೆ ಮಾತಾಡಲು ಎದ್ದವರಿಗೆಲ್ಲ ಹೇಳಲು ಸಿಕ್ಕಿದ್ದು ಇದೊಂದೇ ವಿಷಯ.

ಇಂಥ ಮನುಷ್ಯನ ಕೈಗೆ, ಕೀಲಿಯನ್ನು ಜೇಬಿನಿಂದ ತೆಗೆಯದೆಯೇ ಬಾಗಿಲು ತೆರೆಯುವ ಕಾರು ಬಂತು.

ಕಾರು ಕೊಂಡದ್ದು ನನಗಾಗಿ ಅಲ್ಲ, ಹೆಂಡತಿಗಾಗಿ. ಅವಳು ವಿಜಯವಾಡದ ತೆಲುಗಿನವಳು. ಮದುವೆಯಾದ ಹೊಸತರಲ್ಲಿ ನಾನು ಹಡಗಿನ ಮೇಲಿದ್ದಾಗ, ಹಾವೇರಿ ಕಡೆಯ ನಮ್ಮೂರಿನಲ್ಲಿ ಎರಡು ವರ್ಷ ನನ್ನ ಅವ್ವನ ಜೊತೆಗಿದ್ದು ಕನ್ನಡ ಕಲಿತಳು. ಹಾಗಾಗಿ ಇಂದಿಗೂ ಅವಳ ಬಾಯಲ್ಲಿರುವುದು ನನ್ನ ಅವ್ವನ ಕನ್ನಡವೇ. ಸಿಟ್ಟು ಬಂದಾಗ ಮಾತ್ರ ತೆಲುಗಿಗೆ ಇಳಿಯುತ್ತಾಳೆ. ‘ಏನ್ರೀ’ ಹೋಗಿ ‘ಏಮಂಡಿ’ ಬಂತೆಂದರೆ ನಾನು ಪೇಪರನ್ನು ಮಡಚಿಟ್ಟುಬಿಡುತ್ತೇನೆ.

ಅವಳ ತಾಯಿ, ಅಂದರೆ ನಮ್ಮ ಅತ್ತೆ, ವಿಜಯವಾಡದಲ್ಲಿ ಮಗನ ಮನೆಯಲ್ಲಿದ್ದಾರೆ. ಸಕ್ಕರೆ ಕಾಯಿಲೆ ಅವರ ಒಂದು ಕಣ್ಣನ್ನು ಆಗಲೇ ನುಂಗಿತ್ತು. ಇನ್ನೊಂದರ ಬಗ್ಗೆ ಡಾಕ್ಟರು, ‘ಇದ್ದಷ್ಟು ದಿನ ಇರುತ್ತೆ, ಭರವಸೆ ಕೊಡಲಾರೆ’ ಎಂದಿದ್ದರು. ಅತ್ತೆಗೆ ಒಂದೇ ಆಸೆ. ಮಗಳು ಕಾರು ನಡೆಸಬೇಕು, ತಾನು ಪಕ್ಕದಲ್ಲಿ ಕೂತು ಕೃಷ್ಣೆಯ ಸೇತುವೆ ದಾಟಿ ಮಂಗಳಗಿರಿಗೆ ಹೋಗಬೇಕು, ಅಲ್ಲಿ ಮಗಳಿಗೊಂದು ಸೀರೆಯನ್ನು ತನ್ನ ಕಣ್ಣಿಂದಲೇ ನೋಡಿ ಆರಿಸಬೇಕು. ಜೀವಮಾನವೆಲ್ಲ ಗಂಡನ ಸ್ಕೂಟರಿನ ಹಿಂದೆ, ಆಮೇಲೆ ಮಗನಿಗೆ ಪುರಸೊತ್ತು ಸಿಗುವ ತನಕ ಕಾದು ಕೂತ ಹೆಂಗಸು. ಒಮ್ಮೆಯಾದರೂ ಯಾವ ಗಂಡಸಿಗೂ ಕಾಯದೆ ಎಲ್ಲಿಗಾದರೂ ಹೋಗಬೇಕು ಎಂದಿದ್ದರು. ತಾಯಿಯ ಈ ಮಾತಿಗೆ ನನ್ನ ಹೆಂಡತಿ ಐವತ್ತೆರಡನೆಯ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿ, ಮೊದಲ ಸಲಕ್ಕೇ ಲೈಸೆನ್ಸ್ ಪಡೆದಳು. ನಾನು ಮೂರನೆಯ ಸಲಕ್ಕೆ ಪಾಸಾದವನು.

ಕಾರು ಬುಕ್ ಮಾಡುವ ದಿನ ಅತ್ತೆ ಫೋನಿನಲ್ಲಿ ನನಗೆ ಹೇಳಿದರು: “ಅಲ್ಲುಡು ಗಾರು, ಕೆಂಪು ಬಣ್ಣದ್ದು ತಗೊಳ್ಳಿ. ಈ ಕಣ್ಣಿಗೆ ಬೇರೆ ಬಣ್ಣ ಎಲ್ಲ ಕಲಸಿಹೋಗುತ್ತೆ. ಕೆಂಪಾದರೆ ಬೀದಿಯ ಆ ತುದಿಗೆ ಬರುವಾಗಲೇ ನನಗೆ ಕಾಣುತ್ತೆ.” ಅವರು ಆಡುವುದು ತೆಲುಗು, ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಳಿಯನನ್ನು ಕರೆಯುವಾಗ ಅವರು ಮರ್ಯಾದೆಯ ‘ಗಾರು’ ಬಿಟ್ಟದ್ದನ್ನು ನಾನು ಆ ತನಕ ಕೇಳಿರಲಿಲ್ಲ.

ನಾನು ‘ಆಯಿತು’ ಎಂದು ಹೇಳಿ ಬೂದು ಬಣ್ಣದ್ದಕ್ಕೆ ಸಹಿ ಹಾಕಿದೆ. ಕೆಂಪು ಕಾರು ಕಳ್ಳರ ಕಣ್ಣು ಕುಕ್ಕುತ್ತದೆ, ಬೂದು ಗುಂಪಿನಲ್ಲಿ ಕಳೆದುಹೋಗುತ್ತದೆ, ಯುದ್ಧನೌಕೆಗೆ ಆ ಬಣ್ಣ ಬಳಿಯುವುದು ಸುಮ್ಮನೆ ಅಲ್ಲ ಎಂದು ಹೆಂಡತಿಗೆ ವಿವರಿಸಿದೆ. “ನಮ್ಮ ಕಾರಿಗೆ ಯಾರ ಜೋಡಿ ಯುದ್ಧ ಐತ್ರಿ?” ಎಂದು ಅವಳು ಕೇಳಿದಳು. ಅತ್ತೆಗೆ ಬಣ್ಣದ ವಿಷಯ ನಾವಿಬ್ಬರೂ ಹೇಳಲಿಲ್ಲ. ಬಂದಾಗ ನೋಡುತ್ತಾರಲ್ಲ ಎಂದುಕೊಂಡೆವು.

ಶೋರೂಮಿನವನು ಕಾರು ಒಪ್ಪಿಸುವಾಗ ಎಲ್ಲವನ್ನೂ ತೋರಿಸಿದ. ಕೀಲಿ ಬ್ಯಾಗಿನಲ್ಲಿದ್ದರೆ ಸಾಕು, ಹಿಡಿಕೆ ಮುಟ್ಟಿದರೆ ಬಾಗಿಲು ತೆರೆಯುತ್ತದೆ. ಒಳಗೆ ಕೂತು ಗುಂಡಿ ಒತ್ತಿದರೆ ಕಾರು ಹೊರಡುತ್ತದೆ. ನಾನು ಕಳ್ಳತನದ ಮಾತೆತ್ತಿದಾಗ ಅವನು, “ರಾತ್ರಿ ಮಲಗುವಾಗ ಕೀಲಿಯನ್ನು ಈ ಚೀಲದಲ್ಲಿಡಿ ಸಾರ್, ಸ್ಟಿಯರಿಂಗಿಗೆ ಒಂದು ಕಬ್ಬಿಣದ ರಾಡ್ ಹಾಕಿ. ಅಷ್ಟು ಸಾಕು,” ಎಂದು ಒಳಗೆ ಬೆಳ್ಳಿಯಂತೆ ಹೊಳೆಯುವ ಒಂದು ಪುಟ್ಟ ಚೀಲ ಕೊಟ್ಟ. ಅಷ್ಟು ಸಾಕು ಎಂಬ ಮಾತು ನನಗೆ ಹಿಡಿಸಲಿಲ್ಲ. ಉಗ್ರಾಣದಲ್ಲಿ ಆ ಮಾತು ಆಡಿದವರ ಮೇಲೆ ನಾನು ರಿಪೋರ್ಟ್ ಬರೆಯುತ್ತಿದ್ದೆ.

ನಾವಿರುವುದು ವಿಶಾಖಪಟ್ಟಣದ ಮಧುರವಾಡದ ಒಂದು ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ. ಕಾರು ಬಂದ ವಾರವೇ ಮೇಲಿನ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದರು. ಯಾವ ದೇಶದ್ದೋ ಏನೋ. ಒಬ್ಬ ಕಳ್ಳ ಮನೆಯ ಬಾಗಿಲ ಹತ್ತಿರ ಚೀಲ ಹಿಡಿದು ನಿಲ್ಲುತ್ತಾನೆ, ಇನ್ನೊಬ್ಬ ಕಾರಿನ ಹತ್ತಿರ. ನಿಮಿಷದೊಳಗೆ ಕಾರು ತೆರೆದುಕೊಂಡು ಹೊರಟುಹೋಗುತ್ತದೆ. ಒಡೆದದ್ದಿಲ್ಲ, ಸದ್ದಿಲ್ಲ. ಮ್ಯಾನೇಜರು ಮರುದಿನ ಪಾರ್ಕಿಂಗಿನಲ್ಲಿ ಸಿಕ್ಕಿ ಬಿಡಿಸಿ ಹೇಳಿದರು: ಈ ಕೀಲಿ ಮನೆಯೊಳಗೆ ಕೂತೂ ಕಾರಿನ ಜೊತೆ ಪಿಸುಗುಟ್ಟುತ್ತದಂತೆ. ಕಳ್ಳರು ತಮ್ಮ ಯಂತ್ರದಿಂದ ಆ ಪಿಸುಮಾತನ್ನು ಹೊರಗಿರುವ ಕಾರಿನ ತನಕ ಸಾಗಿಸುತ್ತಾರಂತೆ. ಕೀಲಿ ಹತ್ತಿರವೇ ಇದೆ ಎಂದು ನಂಬಿ ಕಾರು ಬಾಗಿಲು ತೆರೆಯುತ್ತದಂತೆ. ಮ್ಯಾನೇಜರಿಗೆ ಸ್ಕೂಟರ್ ಒಂದೇ ಇದ್ದದ್ದರಿಂದ ಬಹಳ ನೆಮ್ಮದಿಯಿಂದ ಹೇಳಿದರು.

ಆ ದಿನದಿಂದ ನನಗೆ ಎರಡನೆಯ ನೌಕರಿ ಶುರುವಾಯಿತು. ಆ ಪುಟ್ಟ ಚೀಲವನ್ನು ನಂಬಲಿಲ್ಲ. ಕೀಲಿಯನ್ನು ಅಡಿಗೆಮನೆಯ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದೆ. ಸುತ್ತಿದ್ದು ಕೆಲಸ ಮಾಡುತ್ತದೋ ಇಲ್ಲವೋ ಪರೀಕ್ಷಿಸಬೇಕಲ್ಲ? ಹಡಗನ್ನು ನೀರಿಗಿಳಿಸುವ ಮುಂಚೆ ಎಷ್ಟೊಂದು ಪರೀಕ್ಷೆ ಮಾಡುತ್ತಾರೆ! ಒಂದು ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ಕಾರಿನ ಪಕ್ಕ ನಿಲ್ಲಿಸಿ, ಅವಳ ಕೈಗೆ ಒಂದೊಂದೇ ಪಾತ್ರೆ ಕೊಟ್ಟೆ. ಕೀಲಿ ಪಾತ್ರೆಯೊಳಗೆ, ನಾನು ಹಿಡಿಕೆ ಮುಟ್ಟುವುದು. ಸ್ಟೀಲಿನ ಊಟದ ಡಬ್ಬಿ: ಕಾರು ತೆರೆಯಿತು. ಮಸಾಲೆ ಡಬ್ಬಿ: ತೆರೆಯಿತು. ಪ್ರೆಶರ್ ಕುಕ್ಕರಿನಲ್ಲಿಟ್ಟು ಮುಚ್ಚಳ ಬಿಗಿದೆ; ಆಗಲೂ ತೆರೆಯಿತು. ಸುತ್ತ ಜನ ಸೇರಿದರು. ಎರಡನೆಯ ಮಹಡಿಯ ಅಜ್ಜಿ, “ಹೊಸ ಕಾರಿನ ಪೂಜೆಯಾ? ಪ್ರಸಾದ ಏನು?” ಎಂದು ಕುಕ್ಕರಿನೊಳಗೆ ಇಣುಕಿದರು.

“ಏನ್ರೀ, ಇನ್ನ ಸಾಕ್ರಿ. ಎಲ್ಲಾರೂ ನಗಾಕತ್ತ್ಯಾರ,” ಎಂದಳು ಹೆಂಡತಿ, ಕುಕ್ಕರನ್ನು ಸೊಂಟಕ್ಕಾನಿಸಿಕೊಂಡು.

“ನಗಲಿ ಬಿಡು. ಅವರ ಮನ್ಯಾಗ ಇಂಥ ಕಾರಿಲ್ಲ,” ಎಂದೆ.

ಕೊನೆಗೆ ಗೆದ್ದದ್ದು ಬೆಲ್ಲದ ಡಬ್ಬಿ. ಅನಕಾಪಲ್ಲಿಯಿಂದ ವರ್ಷಕ್ಕೊಮ್ಮೆ ತರುವ ಬೆಲ್ಲಕ್ಕೆಂದು ಅವಳು ಇಟ್ಟುಕೊಂಡಿದ್ದ, ಬಿಗಿ ಮುಚ್ಚಳದ ದಪ್ಪ ತಗಡಿನ ಡಬ್ಬಿ. ಹಾಳೆ ಸುತ್ತಿದ ಕೀಲಿಯನ್ನು ಅದರೊಳಗಿಟ್ಟರೆ ಕಾರು ಮಿಸುಕಲಿಲ್ಲ. ಬೆಲ್ಲ ಪ್ಲಾಸ್ಟಿಕ್ ಡಬ್ಬಕ್ಕೆ ವರ್ಗವಾಯಿತು. ಡಬ್ಬಿಯನ್ನು ಎಷ್ಟು ತೊಳೆದರೂ ಮೂಲೆಯಲ್ಲಿ ಅಂಟು ಉಳಿದಿತ್ತು. ಹೀಗಾಗಿ ನಮ್ಮ ಕಾರಿನ ಕೀಲಿಗೆ ಇರುವೆ ಹತ್ತತೊಡಗಿತು. ಇರುವೆ ಹತ್ತಿದರೇನು, ಕಳ್ಳರು ಹತ್ತಲಿಲ್ಲವಲ್ಲ.

ಅಷ್ಟಕ್ಕೂ ನಿಲ್ಲಿಸಲಿಲ್ಲ. ಕಾರಿನ ಪರದೆಯ ಮೇಲೆ ಹುಡುಕಿ ಹುಡುಕಿ, ಹಿಡಿಕೆ ಮುಟ್ಟಿದರೆ ತೆರೆಯುವ ಸೌಕರ್ಯವನ್ನೇ ಬಂದ್ ಮಾಡಿದೆ. ಇನ್ನು ಮೇಲೆ ಗುಂಡಿ ಒತ್ತಿಯೇ ತೆರೆಯಬೇಕು. ಸ್ಟಿಯರಿಂಗಿಗೆ ಹಳದಿ ರಾಡ್ ಬಂತು. ಕಾರಿಗೆ ಹೊದಿಕೆ ಬಂತು, ಹೊದಿಕೆಗೆ ಹಗ್ಗ, ಹಗ್ಗಕ್ಕೆ ನನಗೆ ಮಾತ್ರ ಬಿಚ್ಚಲು ಬರುವ ಹಡಗಿನ ಗಂಟು. ಫ್ರಿಜ್ಜಿನ ಪಕ್ಕದ ಮೊಳೆಗೆ ಒಂದು ರಿಜಿಸ್ಟರ್ ತೂಗಿತು: ತಾರೀಕು, ಹೊತ್ತು, ಕಾರಣ, ಸಹಿ.

ಅದನ್ನು ನೋಡಿದ ದಿನ ‘ಏಮಂಡಿ’ ಬಂತು. “ಏಮಂಡಿ, ನನ್ನ ಕಾರ್ ನಾ ತಗೊಳ್ಳಾಕ ಸಹಿ ಹಾಕಬೇಕೇನ್ರಿ? ನಾ ಏನ್ ಕಳ್ಳಿ ಏನು?”

“ಕಳ್ಳಿ ಅಂತ ಯಾರ ಅಂದಾರ? ಪದ್ಧತಿ ಅಂದ್ರ ಪದ್ಧತಿ. ಅಡ್ಮಿರಲ್ ಬಂದ್ರೂ ಸಹಿ ಹಾಕೇ ಕೀಲಿ ಒಯ್ಯಬೇಕಾಗಿತ್ತು,” ಎಂದೆ. ಯಾವ ಅಡ್ಮಿರಲ್ಲೂ ನನ್ನ ಉಗ್ರಾಣದ ಕೀಲಿ ಕೇಳಿಕೊಂಡು ಬಂದಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಆದರೂ ಸಹಿ ಹಾಕುತ್ತಿದ್ದಳು. ಬೆಳಗಿನ ಹೊತ್ತು ಕಡಲ ಪಕ್ಕದ ಭೀಮಿಲಿ ರಸ್ತೆಯಲ್ಲಿ ರೂಢಿ ಮಾಡಲು ಕಾರು ಒಯ್ಯುತ್ತಿದ್ದಳು. ಗಂಟು ಬಿಚ್ಚಲು ನಾನೇ ಬೇಕಾದ್ದರಿಂದ ಪ್ರತಿ ಸಲವೂ ನಾನು ಪಕ್ಕದ ಸೀಟಿನಲ್ಲಿರುತ್ತಿದ್ದೆ. ಬೀಚಿನಲ್ಲಿ ನಿಲ್ಲಿಸಿ ಎಳನೀರು ಕುಡಿಯೋಣ ಎಂದರೆ, ‘ನಾ ಕಾರಾಗ ಇರ್ತೀನಿ, ನೀ ಕುಡದು ಬಾ’ ಎನ್ನುತ್ತಿದ್ದೆ.

ಕಾರಿನ ಫೋಟೋ ಕಳಿಸಿ ಎಂದು ಅತ್ತೆ ಮೇಲಿಂದ ಮೇಲೆ ಕೇಳಿದರು. ಅದಕ್ಕೂ ನಾನು ಅಡ್ಡ ನಿಂತೆ. ಕುಟುಂಬದ ಗ್ರೂಪಿನಲ್ಲಿ ನಲವತ್ತು ಜನ. ಯಾರು ಯಾರಿಗೆ ಕಳಿಸುತ್ತಾರೋ. ನಂಬರ್ ಪ್ಲೇಟು, ಅಪಾರ್ಟ್‌ಮೆಂಟಿನ ಗೇಟು ಎಲ್ಲ ಕಂಡರೆ ಕಳ್ಳನಿಗೆ ವಿಳಾಸ ಬರೆದುಕೊಟ್ಟ ಹಾಗೆ. ಬಣ್ಣದ ಗುಟ್ಟೂ ಬಯಲಾಗುತ್ತದೆ ಎಂಬ ಅಳುಕು ಒಳಗಿತ್ತು, ಅದನ್ನು ಹೇಳಲಿಲ್ಲ. “ಸಂಕ್ರಾಂತಿಗೆ ಬರುತ್ತೇವಲ್ಲ ಅತ್ತಯ್ಯಾ, ಆಗ ನೋಡುವಿರಂತೆ,” ಎಂದೆ.

ಆಂಧ್ರದಲ್ಲಿ ಸಂಕ್ರಾಂತಿಗೆ ಅಳಿಯ ಮಾವನ ಮನೆಗೆ ಹೋಗುವುದೆಂದರೆ ಸಣ್ಣ ಸಂಗತಿಯಲ್ಲ. ಮದುವೆಯಾಗಿ ಮೂವತ್ತು ವರ್ಷವಾದರೂ ನನಗೆ ಹೊಸ ಅಳಿಯನ ಉಪಚಾರವೇ ನಡೆಯುತ್ತದೆ. ಹೊರಡುವ ಎರಡು ದಿನ ಮುಂಚೆ ಬಾಮೈದನಿಗೆ ಫೋನ್ ಮಾಡಿ ಕಾರು ಎಲ್ಲಿ ನಿಲ್ಲಿಸಬಹುದೆಂದು ವಿಚಾರಿಸಿದೆ. ಅವನು ನೀರಾವರಿ ಇಲಾಖೆಯ ಗುಮಾಸ್ತ, ಸಾಧು ಪ್ರಾಣಿ. “ಬಾವ ಗಾರು, ಕಾಲುವೆ ಪಕ್ಕದ ಬೀದಿಯಲ್ಲೇ ನಿಲ್ಲಿಸಬೇಕು. ಗೇಟು ಇಲ್ಲ. ಎಲ್ಲರೂ ಅಲ್ಲೇ ನಿಲ್ಲಿಸುತ್ತಾರೆ,” ಎಂದ. ಎಲ್ಲರೂ ನಿಲ್ಲಿಸುವ ಜಾಗದಲ್ಲಿ ಕಳ್ಳನೂ ನಿಲ್ಲುತ್ತಾನೆ ಎಂದು ನನಗೆ ತೋರಿತು. ನಾವು ರೈಲಿನಲ್ಲಿ ಹೋದೆವು.

ರೈಲು ತುನಿ ದಾಟಿದ ಮೇಲೆ, “ಅಮ್ಮಗ ಏನಂತ ಹೇಳ್ತೀರಿ, ನೀವ ಹೇಳ್ರಿ,” ಎಂದಳು ಹೆಂಡತಿ.

ವಿಜಯವಾಡದ ಸ್ಟೇಷನ್ನಿನಿಂದ ಆಟೋ ಮಾಡಿಕೊಂಡು ಬೀದಿಗೆ ತಿರುಗಿದರೆ ಅತ್ತೆ ಹೊಸ ಸೀರೆಯುಟ್ಟು ಮನೆಯ ಮುಂದಿನ ರಂಗೋಲಿಯ ಪಕ್ಕ ನಿಂತಿದ್ದರು. ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದರಂತೆ. ಕಣ್ಣಿಗೆ ಕೈ ಅಡ್ಡ ಹಿಡಿದು, ನಮ್ಮ ಆಟೋದ ಹಿಂದೆ ಏನಾದರೂ ಬರುತ್ತಿದೆಯೇ ಎಂದು ನೋಡುತ್ತಿದ್ದರು. “ಕಾರೆಲ್ಲಿ?” ಎಂದರು.

“ಭದ್ರವಾಗಿದೆ ಅತ್ತಯ್ಯಾ,” ಎಂದೆ.

ಭದ್ರವಾಗಿದೆ ಎಂಬುದಕ್ಕೆ ಸಾಕ್ಷಿಯೂ ತಂದಿದ್ದೆ. ಜೋಡಿ ಕೀಲಿ ಬೇರೆ ಕಡೆ, ಬೇರೊಬ್ಬರ ಸುಪರ್ದಿಯಲ್ಲಿರಬೇಕು ಎಂಬ ಹಳೆಯ ನಿಯಮ ನೆನಪಿದೆಯಲ್ಲ? ಬಾಮೈದನನ್ನು ಕೂರಿಸಿಕೊಂಡು, ಹಾಳೆ ಸುತ್ತಿದ ಎರಡನೆಯ ಕೀಲಿಯನ್ನು ಲಕೋಟೆಯಲ್ಲಿಟ್ಟು, ಮೇಣದಬತ್ತಿಯಲ್ಲಿ ಅರಗು ಕರಗಿಸಿ ಮುದ್ರೆ ಒತ್ತಿ ಒಪ್ಪಿಸಿದೆ. “ನಾನು ಹೇಳದೆ ಮುದ್ರೆ ಒಡೆಯಬೇಡ,” ಎಂದೆ. ಅವನು ಎರಡೂ ಕೈಯಲ್ಲಿ ಅದನ್ನು ತಗೊಂಡು ದೇವರ ಕೋಣೆಯಲ್ಲಿಟ್ಟ. ವಿಶಾಖಪಟ್ಟಣದ ಕಾರಿನ ಕೀಲಿ ಏಳೆಂಟು ತಾಸಿನ ದಾರಿಯಾಚೆ ಇರುವುದರಿಂದ ಯಾರಿಗೇನು ಉಪಯೋಗ ಎಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಅತ್ತೆ ಮಾತ್ರ ಲಕೋಟೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಕೆಂಪು ಮುದ್ರೆಯನ್ನು ನೋಡಿ ನಕ್ಕರು. “ಪರವಾಗಿಲ್ಲ. ಮೊದಲು ಕೀಲಿ ಬಂತು, ಹಿಂದೆಯೇ ಕಾರು ಬರುತ್ತೆ. ಕೆಂಪು ಅಂತೂ ಕಂಡಿತು,” ಎಂದರು.

ಆಟೋದಲ್ಲೇ ಮಂಗಳಗಿರಿಗೆ ಹೋಗಿ ಬರೋಣ ಎಂದು ಹೆಂಡತಿ ತಾಯಿಯನ್ನು ಕೇಳಿದಳು. ಅತ್ತೆ ಒಪ್ಪಲಿಲ್ಲ. ಆಟೋದಲ್ಲಿ ಹೋಗಲು ಇಷ್ಟು ದಿನ ಕಾಯಬೇಕಿತ್ತಾ ಎಂದರು.

ಮುಂದಿನ ತಿಂಗಳು, ಅದರ ಮುಂದಿನ ತಿಂಗಳು ಎಂದು ದೂಡಿದೆ. ಒಮ್ಮೆ ಹೆದ್ದಾರಿಯ ಹೋಟೆಲುಗಳ ಪಾರ್ಕಿಂಗ್ ನಂಬುವ ಹಾಗಿಲ್ಲ ಎಂದೆ. ಒಮ್ಮೆ ಕಾರಿನೊಳಗೆ ಅಡಗಿಸಿಡುವ, ಎಲ್ಲಿದ್ದರೂ ಮೊಬೈಲಿನಲ್ಲಿ ತೋರಿಸುವ ಯಂತ್ರ ಬರಬೇಕಿದೆ ಎಂದೆ. ಯಂತ್ರ ಬಂತು. ನಾನು ಮೊಬೈಲ್ ತೆಗೆದು ನೋಡಿದಾಗಲೆಲ್ಲ ಕಾರು ಮಧುರವಾಡದಲ್ಲಿ, ಹೊದಿಕೆಯ ಕೆಳಗೆ, ಇದ್ದಲ್ಲೇ ಇದೆ ಎಂದು ಅದು ತಪ್ಪದೆ ತೋರಿಸುತ್ತಿತ್ತು. ನನಗೆ ಅದರಲ್ಲಿ ಬಹಳ ತೃಪ್ತಿ ಇತ್ತು.

ಯುಗಾದಿ ಕಳೆದ ಮೇಲೆ ಅಣ್ಣನ ಮಗನ ಮದುವೆಗೆಂದು ನಾನೊಬ್ಬನೇ ಊರಿಗೆ ಹೊರಟೆ. ರಜೆಯ ಮೇಲೆ ಹೋಗುವವನು ಕೀಲಿ ಒಪ್ಪಿಸಿ ಹೋಗಬೇಕು. ಡಬ್ಬಿ ತೆರೆದು ಕೀಲಿ ತೋರಿಸಿದೆ, ರಿಜಿಸ್ಟರಿನಲ್ಲಿ ಬರೆದೆ, ಹೆಂಡತಿ ಸಹಿ ಹಾಕಿದಳು. ಹೊದಿಕೆಯ ಹಗ್ಗವನ್ನೂ ಅವಳ ಒತ್ತಾಯಕ್ಕೆ ಬಿಚ್ಚಿಟ್ಟೆ. ಆಟೋ ಬಂದು ಹಾರ್ನ್ ಹೊಡೆಯುವಾಗ, ಕಾರು ಲಾಕ್ ಆಗಿದೆಯೋ ಇಲ್ಲವೋ ಎಂಬ ಅನುಮಾನ ಬಂತು. ಅವಳು ಸ್ನಾನಕ್ಕೆ ಹೋಗಿದ್ದಳು. ಡಬ್ಬಿಯಿಂದ ಕೀಲಿ ತೆಗೆದು, ಹಾಳೆ ಬಿಚ್ಚಿ, ಓಡಿಹೋಗಿ ಕಾರು ನೋಡಿದೆ, ಲಾಕ್ ಆಗಿತ್ತು. ಕೀಲಿಗೆ ಮತ್ತೆ ಹಾಳೆ ಸುತ್ತುತ್ತಲೇ ಆಟೋ ಹತ್ತಿದೆ.

ಮೂರನೆಯ ದಿನ ಹಾವೇರಿಯ ಕಲ್ಯಾಣ ಮಂಟಪದಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಫೋನ್ ಬಂತು. “ಏನ್ರೀ, ಅಮ್ಮಗ ಮುಂಜಾನಿಂದ ಇದ್ದೊಂದು ಕಣ್ಣಾಗ ಕರೀ ನೂಲು ಓಡಾಡಿದಂಗ ಕಾಣಾಕತ್ತೈತಂತ. ಡಾಕ್ಟರ್ ನಾಳೆ ಬರ್ರಿ ಅಂದಾರಂತ. ಅಮ್ಮ ಒಂದ ಸಮ ಹಟ ಹಿಡದಾರ, ಇವತ್ತ ಕಾರ್ ತಗೊಂಡ ಬಾ, ಇವತ್ತ ಮಂಗಳಗಿರಿಗೆ ಹೋಗೂಣು ಅಂತ. ನಾ ಹೊಂಟೀನಿ. ಕೀಲಿ ಎಲ್ಲಿಟ್ಟೀರಿ?”

“ಡಬ್ಯಾಗ ಐತಲ್ಲ. ನೀನ ಸಹಿ ಹಾಕೀದಿ.”

“ಡಬ್ಯಾಗ ಬರೇ ಇರಿವಿ ಅದಾವ್ರಿ.”

ಜರಿಯ ಪಂಚೆಯ ಮೇಲೆ ಊರಿಗೆ ಹೊರಟ ದಿನದ ಜುಬ್ಬವನ್ನೇ ಹಾಕಿದ್ದೆ; ಅದರ ಜೇಬಿಗೆ ಕೈ ಹಾಕಿದೆ. ಹಾಳೆಯ ಸುರುಳಿ ಬೆರಳಿಗೆ ಸಿಕ್ಕಿತು. ರಿಜಿಸ್ಟರಿನ ಪ್ರಕಾರ ಕೀಲಿ ವಿಶಾಖಪಟ್ಟಣದಲ್ಲಿ ಬೆಲ್ಲದ ಡಬ್ಬಿಯೊಳಗಿತ್ತು. ನನ್ನ ಜೀವಮಾನದಲ್ಲಿ ಒಂದು ರಿಜಿಸ್ಟರ್ ಸುಳ್ಳು ಹೇಳಿದ್ದು ಅದೇ ಮೊದಲು. ಕಾರು ವಿಶಾಖಪಟ್ಟಣದಲ್ಲಿ, ಒಂದು ಕೀಲಿ ವಿಜಯವಾಡದ ದೇವರ ಕೋಣೆಯಲ್ಲಿ, ಇನ್ನೊಂದು ಹಾವೇರಿಯಲ್ಲಿ. ಕಳ್ಳನಿರಲಿ, ಕಳ್ಳನ ಅಪ್ಪ ಬಂದರೂ ಆ ಕಾರನ್ನು ಅಲುಗಿಸಲಾಗುತ್ತಿರಲಿಲ್ಲ. ನಾನು ಬಯಸಿದ ಭದ್ರತೆ ಪೂರ್ತಿ ಸಿದ್ಧಿಸಿತ್ತು.

ಕೀಲಿ ನನ್ನ ಹತ್ತಿರವೇ ಇದೆ ಎಂದೆ. ಅವಳು ಬೈಯುತ್ತಾಳೆ ಎಂದು ಕಾದೆ. ‘ಏಮಂಡಿ’ ಕೂಡ ಬರಲಿಲ್ಲ. “ಸರೇ” ಎಂದು ಫೋನ್ ಇಟ್ಟಳು.

ಸಿಕ್ಕ ರೈಲು ಹತ್ತಿ ಅವಳು ಸಂಜೆಯ ಹೊತ್ತಿಗೆ ವಿಜಯವಾಡ ಮುಟ್ಟಿದಳು. ಅಷ್ಟರಲ್ಲಿ ಕಣ್ಣೊಳಗಿನ ರಕ್ತನಾಳ ಒಡೆದು ಆ ಕಣ್ಣೂ ಮುಚ್ಚಿಕೊಂಡಿತ್ತು. ಡಾಕ್ಟರು ಇಂಜೆಕ್ಷನ್ ಕೊಟ್ಟರು, ಆಪರೇಷನ್ ಮಾಡಿದರು. ಕಾರು ಬೇಗ ಹೋಗಿದ್ದರೂ ಕಣ್ಣು ಉಳಿಯುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೆ ಕಣ್ಣಿದ್ದ ಆ ಐದಾರು ತಿಂಗಳು ಕಾರು ನಮ್ಮ ಮನೆಯ ಮುಂದೆಯೇ ನಿಂತಿತ್ತು. ಕತ್ತಲೆಯಲ್ಲ, ಬೆಳಕಲ್ಲ, ಒಂದು ಮಂಜಿನಂಥದ್ದು ಮಾತ್ರ ಅವರಿಗೆ ಉಳಿಯಿತು.

ಹೆಂಡತಿ ಆರು ವಾರ ತಾಯಿಯ ಹತ್ತಿರವೇ ಉಳಿದಳು. ನಾನು ಮಧುರವಾಡಕ್ಕೆ ಬಂದು ಕೀಲಿಯನ್ನು ಡಬ್ಬಿಯಲ್ಲಿಟ್ಟೆ. ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕಿದರಂತೆ. ಮಾಡಲು ಬೇರೆ ಕೆಲಸವಿಲ್ಲದೆ ಒಂದು ಮಧ್ಯಾಹ್ನ ರಿಜಿಸ್ಟರ್ ತೆಗೆದು ಓದಿದೆ. ಬರೆಯಲು ಅವಳಿಗೆ ಬರುವುದು ತೆಲುಗು ಲಿಪಿಯೊಂದೇ. ಆದರೆ ನನಗೆ ಲೆಕ್ಕ ಒಪ್ಪಿಸುವುದೆಂದು ಮಾತನ್ನು ಕನ್ನಡದಲ್ಲಿ ಇಟ್ಟಿದ್ದಳು. ಅಕ್ಷರ ಅವಳದು, ಮಾತು ನನ್ನ ಅವ್ವನದು. ಕಾರಣದ ಅಂಕಣದಲ್ಲಿ ಮೊದಮೊದಲು ‘ಕರಿಬೇವು’, ‘ಹಾಲು’ ಎಂದಿತ್ತು. ಒಂದು ಕಡೆ ‘ಉಸಿರಾಡಾಕ’ ಎಂದಿತ್ತು. ಆಮೇಲೆ ಪುಟಗಟ್ಟಲೆ ಒಂದೇ ಕಾರಣ: ‘ಅಮ್ಮನ ಸಲುವಾಗಿ ರೂಢಿ’. ಪ್ರತಿಯೊಂದರ ಮುಂದೂ ಪರಿಶೀಲಿಸಿದ್ದೇನೆಂದು ನಾನು ಹಸಿರು ಇಂಕಿನಲ್ಲಿ ಟಿಕ್ ಹಾಕಿದ್ದೆ. ನನಗೆ ಅಳು ಬಂತು. ಅರವತ್ತರ ಹತ್ತಿರ ಬಂದ ಗಂಡಸು ಫ್ರಿಜ್ಜಿನ ಪಕ್ಕ ನಿಂತು ಅತ್ತುಬಿಟ್ಟೆ.

ಅವಳು ಮರಳಿದಾಗ ಕೀಲಿಯನ್ನು ಹಾಳೆ ಬಿಚ್ಚಿ, ಒರೆಸಿ, ಕೈಗೆ ಕೊಟ್ಟೆ. ಅವಳು ಮೊಳೆಯ ಕಡೆ ನೋಡಿದಳು. ರಿಜಿಸ್ಟರ್ ಅಲ್ಲಿರಲಿಲ್ಲ. ನೇರ ಕಾರಿಗೆ ಹೋಗಿ, ಪರದೆಯ ಮೇಲೆ ನಾನು ಬಂದ್ ಮಾಡಿದ್ದನ್ನು ಎರಡೇ ನಿಮಿಷದಲ್ಲಿ ಚಾಲೂ ಮಾಡಿದಳು. ಡಬ್ಬಿಗೆ ಬೆಲ್ಲ ವಾಪಸು ಹೋಯಿತು. ಮರುದಿನ ಬೆಳಿಗ್ಗೆ ಹೊರಟೆವು. ವಿಜಯವಾಡದ ತನಕ ಅವಳೇ ನಡೆಸಿದಳು. ರಾಜಮಂಡ್ರಿಯ ಹತ್ತಿರ ಊಟಕ್ಕೆ ನಿಲ್ಲಿಸಿದಾಗ, ನಾನು ಕಾರು ಕಾಣುವ ಕುರ್ಚಿ ಹುಡುಕಲು ಹೋಗಿ, ನಾಚಿಕೆಯಾಗಿ ಬೆನ್ನು ತಿರುಗಿಸಿ ಕೂತೆ. ಊಟ ರುಚಿಸಲಿಲ್ಲ, ಆದರೂ ಬೆನ್ನು ತಿರುಗಿಸಿಯೇ ಉಂಡೆ.

ಕಾಲುವೆ ಪಕ್ಕದ ಬೀದಿಯಲ್ಲಿ, ಎಲ್ಲರೂ ನಿಲ್ಲಿಸುವ ಜಾಗದಲ್ಲಿ ಕಾರು ನಿಂತಿತು. ಬಾಮೈದ ಅತ್ತೆಯ ಕೈ ಹಿಡಿದು ಹೊರಗೆ ಕರೆತಂದ. ಇನ್ನೊಂದು ಕೈಯಲ್ಲಿ ಲಕೋಟೆ ಇತ್ತು. “ಮುದ್ರೆ ಒಡೆದಿಲ್ಲ ಬಾವ ಗಾರು,” ಎಂದು ನನಗೆ ಒಪ್ಪಿಸಿದ. ಅವನು ಚುಚ್ಚಲು ಹೇಳಿದ್ದಲ್ಲ.

“ಬಂದಿರಾ ಅಲ್ಲುಡು ಗಾರು?” ಎಂದರು ಅತ್ತೆ, ನನ್ನ ಹೆಜ್ಜೆಯ ಸದ್ದು ಬಂದ ಕಡೆ ಮುಖ ಮಾಡಿ. “ಇಷ್ಟು ದಿನ ಬರಲಿಲ್ಲವಲ್ಲ, ಕಾರನ್ನು ಕಳ್ಳರೇ ಹೊಡೆದುಕೊಂಡು ಹೋದರೇನೋ, ನಮಗೆ ಹೇಳಲಾರದೆ ಸುಮ್ಮನಿದ್ದಾರೇನೋ ಅಂದುಕೊಂಡಿದ್ದೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನಿಜವಾಗಿಯೂ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡೆ.

ಹೆಂಡತಿ ತಾಯಿಯ ಕೈಯನ್ನು ಕಾರಿನ ಹಿಡಿಕೆಯ ಮೇಲಿಟ್ಟಳು. ಅವಳ ಬ್ಯಾಗಿನಲ್ಲಿ ಕೀಲಿ ಇತ್ತು. ಟಕ್ ಎಂದು ಬಾಗಿಲು ತೆರೆಯಿತು. ಅತ್ತೆ ಬೆಚ್ಚಿ ಕೈ ಹಿಂದಕ್ಕೆ ತೆಗೆದು, ಮತ್ತೆ ಮುಟ್ಟಿದರು. “ನಾನು ಮುಟ್ಟಿದ್ದಕ್ಕೇ ತೆರೆಯಿತಾ?” ಎಂದರು. ಹೌದೆಂದಳು ಮಗಳು. “ಒಳ್ಳೆಯ ಮನೆತನದ ಕಾರು. ಬಂದವರಿಂದ ಬಾಗಿಲು ತಟ್ಟಿಸಿಕೊಳ್ಳುವುದಿಲ್ಲ,” ಎಂದು ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದೆ ಕೂತೆ. ಸೇತುವೆಯ ಮೇಲೆ ಹೋಗುವಾಗ ಅವರು ಕಿಟಕಿ ಇಳಿಸಲು ಹೇಳಿ, ಹೊಳೆಯ ಗಾಳಿಗೆ ಮುಖ ಒಡ್ಡಿದರು.

ಮಂಗಳಗಿರಿಯ ಅಂಗಡಿಯಲ್ಲಿ ಚಾಪೆಯ ಮೇಲೆ ಕೂತು ಅತ್ತೆ ಸೀರೆಗಳನ್ನು ಬೆರಳಿನಿಂದ ನೋಡಿದರು. ನೂಲಿನ ಬಿಗಿ, ಅಂಚಿನ ಅಗಲ ಎಲ್ಲ ಅವರಿಗೆ ತಿಳಿಯುತ್ತಿತ್ತು. ಬಣ್ಣವೊಂದು ತಿಳಿಯುತ್ತಿರಲಿಲ್ಲ. “ಅಲ್ಲುಡು ಗಾರು, ನೀವು ಉಗ್ರಾಣದಲ್ಲಿ ಸಾಮಾನು ಪಟ್ಟಿ ಮಾಡಿದವರು. ಒಂದೊಂದೇ ಬಣ್ಣ ಹೇಳಿ,” ಎಂದರು. ಹೇಳುತ್ತಾ ಹೋದೆ. ಅರಿಶಿನ. ಗಿಳಿಹಸಿರು. ನೇರಳೆ. ಕುಂಕುಮದ ಕೆಂಪು ಎಂದಾಗ ಅವರ ಕೈ ಆ ಸೀರೆಯ ಮೇಲೆಯೇ ನಿಂತಿತು.

“ಇದು ನಮ್ಮ ಕಾರಿನ ಬಣ್ಣ, ಅಲ್ಲವಾ?”

ಹೆಂಡತಿ ನನ್ನನ್ನು ನೋಡಿದಳು. ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು; ಹಿಡಿಯುವವರು ಯಾರೂ ಇರಲಿಲ್ಲ.

“ಇಲ್ಲ ಅತ್ತಯ್ಯಾ,” ಎಂದೆ. “ಕಾರು ಬೂದು ಬಣ್ಣದ್ದು. ನಾನೇ ಅದನ್ನು ಆರಿಸಿದ್ದು.”

ಅತ್ತೆಯ ಬೆರಳು ಸೀರೆಯ ಅಂಚಿನ ತುದಿಯ ತನಕ ಹೋಗಿ ಬಂತು. ಆಮೇಲೆ ನನ್ನ ಮೊಣಕಾಲನ್ನು ಹುಡುಕಿ ತಟ್ಟಿ, ಮಗನನ್ನು ಕರೆಯುವ ಹಾಗೆ ಕರೆದರು. “ಇರಲಿ ಬಿಡಿ ನಾಯನಾ. ಈಗ ನನಗೆ ಕಾಣುವುದೂ ಅದೊಂದೇ ಬಣ್ಣ.”

ಅಂಗಡಿಯವನು ಇನ್ನೊಂದು ಸೀರೆ ಬಿಚ್ಚಿ ಹಾಸಿದ. ನಾನು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದೆ. ಮುಂದಿನ ಬಣ್ಣವನ್ನು ಹೆಂಡತಿಯೇ ಹೇಳಿದಳು.